ಬುಡದಲ್ಲೊಂದು ಶಾಖ, ತುದಿಯಲ್ಲೊಂದು ಶಾಖ

ಅನಿಲದಿಂದ ಸೂಕ್ಷ್ಮ ರಚನೆ ಬೆಳೆಸುವ ನಮ್ಮ ಯಂತ್ರವನ್ನು ನೋಡಬಂದವರ ಕಣ್ಣು ಮೊದಲು ಲೇಸರಿನ ಮೇಲೆ ಬೀಳುತ್ತದೆ. ನನ್ನ ಕಣ್ಣು ಮಾತ್ರ ಅದರಲ್ಲಿ ಬೆಳೆಯುವ ಕಡ್ಡಿಯ ತುದಿಯ ಕಾವಿನ ಮೇಲೆ.

ಕೆಲಸದ ಹದ ಸರಳ. ಗಾಳಿ ಹೊರತೆಗೆದ ಚೇಂಬರಿಗೆ ಇಂಗಾಲ-ಹೈಡ್ರೋಜನ್‌ಗಳ ಅನಿಲವಾದ ಎಥಿಲೀನ್ ತುಂಬಿ, ಗಾಜಿನ ಕಿಟಕಿಯ ಮೂಲಕ ಲೇಸರ್ ಕಿರಣವನ್ನು ಪೀಠದ ಮೇಲಿನ ಸಿಲಿಕಾನ್ ಬಿಲ್ಲೆಯ ಒಂದು ಚುಕ್ಕೆಗೆ ಕೂಡಿಸುತ್ತೇವೆ. ಆ ಚುಕ್ಕೆ ಮಾತ್ರ ಸಾವಿರ ಡಿಗ್ರಿ ದಾಟಿ ಕಾಯುತ್ತದೆ. ಅದಕ್ಕೆ ತಾಗಿದ ಅನಿಲ ಒಡೆದು ಇಂಗಾಲ ಕೂರುತ್ತದೆ, ಹೈಡ್ರೋಜನ್ ಹೊರಟುಹೋಗುತ್ತದೆ. ಕೂತ ಇಂಗಾಲ ಕಿರಣದ ಕಡೆಗೇ ಬೆಳೆಯುತ್ತದೆ. ಬೆಳೆದಷ್ಟೇ ವೇಗದಲ್ಲಿ ಪೀಠವನ್ನು ಹಿಂದಕ್ಕೆ ಸರಿಸಿದರೆ ಕೂದಲೆಳೆಯ ದಪ್ಪದ ಕಡ್ಡಿ. ತಿರುಗಿಸುತ್ತ ಸರಿಸಿದರೆ ಸ್ಪ್ರಿಂಗ್. ಅಚ್ಚೂ ಬೇಡ, ಆಸರೆಯೂ ಬೇಡ. ಇಂಗಾಲದ ಬದಲು ಟಂಗ್‌ಸ್ಟನ್ ಲೋಹದ ಕಡ್ಡಿ ಬೇಕಿದ್ದರೆ ಆ ಲೋಹದ ಹೆಕ್ಸಾಫ್ಲೋರೈಡ್ ಅನಿಲದ ಜೊತೆ ಹೈಡ್ರೋಜನ್ ಬಿಡಬೇಕು. ಆಗ ಹುಟ್ಟುವ ಹೈಡ್ರೋಜನ್ ಫ್ಲೋರೈಡ್ ವಿಷ. ಹೊರಬಿಡುವ ಮುನ್ನ ಅದನ್ನು ತಟಸ್ಥಗೊಳಿಸದೆ ಈ ಕೆಲಸಕ್ಕೆ ಕೈಹಾಕಬಾರದು.

ಕಷ್ಟವಿರುವುದು ಮೊದಲ ಹತ್ತಾರು ಮೈಕ್ರಾನ್‌ಗಳಲ್ಲಿ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ). ಚುಕ್ಕೆ ಸಿಲಿಕಾನ್ ಬಿಲ್ಲೆಯ ಮೇಲಿರುವಾಗ ಶಾಖ ಸುತ್ತಲೂ ಹರಿದುಹೋಗುತ್ತದೆ. ಬೆಳವಣಿಗೆ ಶುರುವಾಗಲು ಹೆಚ್ಚು ಶಕ್ತಿ ಬೇಕು. ಕಡ್ಡಿ ತಲೆಯೆತ್ತಿದ ಮೇಲೆ ಶಾಖಕ್ಕೆ ಆ ಸಪೂರ ಕಾಂಡವೊಂದೇ ದಾರಿ. ಲೇಸರ್ ಶಕ್ತಿ ಬದಲಾಗದಿದ್ದರೂ ತುದಿ ಧಗಧಗಿಸುತ್ತದೆ. ತಾಪ ತುಸು ಏರಿದರೂ ರಾಸಾಯನಿಕ ಕ್ರಿಯೆಯ ವೇಗ ಹಲವು ಪಟ್ಟು ಏರುವುದರಿಂದ ಬುಡ ತೆಳ್ಳಗೆ, ತಲೆ ದಪ್ಪ. ಆರಂಭದ ದಿನಗಳಲ್ಲಿ ನಾನು ಬೆಳೆಸಿದ್ದೆಲ್ಲ ಭೀಮನ ಗದೆಗಳೇ! ಈಗ ತುದಿಯ ಹೊಳಪನ್ನು ಕ್ಯಾಮೆರಾದಲ್ಲಿ ಅಳೆಯುತ್ತ, ಕಡ್ಡಿ ಏಳುತ್ತಿದ್ದಂತೆ ಶಕ್ತಿಯನ್ನು ಇಳಿಸುತ್ತೇವೆ.

ಹೊಳಪು ತಾನಾಗಿ ಕುಂದಿದರೆ ಮೊದಲು ಕಿಟಕಿಯನ್ನು ನೋಡಿ. ಗಾಜಿನ ಒಳಮೈಗೆ ಮಸಿ ಕೂತಿದ್ದರೆ ಲೇಸರನ್ನು ಬೈದು ಫಲವಿಲ್ಲ.

ಒತ್ತಡ ಹೆಚ್ಚಿಸುವ ಆಸೆ ಎಲ್ಲರಿಗೂ ಇರುತ್ತದೆ. ವಾತಾವರಣದ ಒತ್ತಡವನ್ನು ಮೀರಿದಾಗ ಬೋರಾನ್ ನೂಲು ಸೆಕೆಂಡಿಗೆ 1 ಮಿಲಿಮೀಟರಿನಷ್ಟು ಬೆಳೆದದ್ದುಂಟು. ಆದರೆ ಹದ ತಪ್ಪಿದರೆ ಅನಿಲ ತುದಿಯನ್ನು ಮುಟ್ಟುವ ಮೊದಲೇ ಒಡೆದು ಮಸಿಯಾಗುತ್ತದೆ. ನಾನಂತೂ ನಿಧಾನವನ್ನೇ ಆರಿಸುತ್ತೇನೆ.

ಎರಡು ಕಡ್ಡಿಗಳನ್ನು ಕೂಡಿಸುವಾಗ ಇದೇ ಲೆಕ್ಕ ತಿರುವುಮುರುವಾಗುತ್ತದೆ. ತುದಿ ಪಕ್ಕದ ಕಡ್ಡಿಯನ್ನು ಮುಟ್ಟಿದ ಕ್ಷಣ ಶಾಖಕ್ಕೆ ಹೊಸ ದಾರಿ ಸಿಕ್ಕಿ ಬೆಳವಣಿಗೆ ನಿಂತೇಬಿಡುತ್ತದೆ. ಹೊರಗಿನಿಂದ ನೋಡಿದರೆ ಬೆಸೆದಂತೆಯೇ ಕಾಣುತ್ತದೆ, ಸೂಜಿಯಿಂದ ತಟ್ಟಿದರೆ ಕಳಚಿಬೀಳುತ್ತದೆ. ಅಲ್ಲಿ ಮಾತ್ರ ಇಳಿಸಿದ ಶಕ್ತಿಯನ್ನು ಮತ್ತೆ ಏರಿಸಿ, ಸಂದು ತುಂಬುವವರೆಗೆ ಪೀಠವನ್ನು ಅಲುಗಿಸದೆ ಕಾಯುತ್ತೇವೆ.