ನಾಲ್ಕು ಗುಂಡಿ, ಒಂದು ಅಂಕಿ: ಮತಪತ್ರದ ಗೊಂದಲ ಬಿಡಿಸಿಕೊಂಡ ಟಿಪ್ಪಣಿ

ಪುಣೆಯ ಸದಾಶಿವ ಪೇಠೆಯ ಅಭ್ಯಾಸಿಕೆಯಲ್ಲಿ (ಓದುವ ಕೋಣೆಯಲ್ಲಿ) ನನ್ನ ಜೊತೆ ಕೂತು ಓದುವ ಕನ್ನಡದ ಗೆಳೆಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕಳೆದ ವಾರದ ಮಾಕ್ ಟೆಸ್ಟ್‌ನಲ್ಲಿ ಚುನಾವಣಾ ಪದ್ಧತಿಗಳ ಮೇಲೆ ಐದು ಪ್ರಶ್ನೆ ಬಂದಿದ್ದವು. ನನ್ನವು ಮೂರು ತಪ್ಪು. ಓದದೇ ತಪ್ಪಾಗಿದ್ದರೆ ಬೇಜಾರಿರಲಿಲ್ಲ. ಓದಿಕೊಂಡು, ಗೊತ್ತಿದೆ ಅಂದುಕೊಂಡು, ಧೈರ್ಯವಾಗಿ ಬರೆದು ತಪ್ಪಾಗಿದ್ದು! ಮರೆಯುವ ಮೊದಲು ಬರೆದಿಡುತ್ತೇನೆ. ಲೋಕಸಭೆ, ವಿಧಾನಸಭೆಯ ಪದ್ಧತಿಯನ್ನು ಇಲ್ಲಿ ವಿವರಿಸೋದಿಲ್ಲ. ಯಾರಿಗೆ ಜಾಸ್ತಿ ವೋಟೋ ಅವರು ಗೆದ್ದರು, ಅಷ್ಟೇ ಅಲ್ವಾ.

ಪುಣೆಯ ನಾಲ್ಕು ಗುಂಡಿ

2026ರ ಜನವರಿ 15ರಂದು ಮುಂಬಯಿಗೂ ಪುಣೆಗೂ ಒಂದೇ ದಿನ ಮಹಾನಗರ ಪಾಲಿಕೆ ಚುನಾವಣೆ ಇತ್ತು. ನಮ್ಮ ಚಿಕ್ಕಮ್ಮ ಇರುವುದು ದಾದರ್‌ನಲ್ಲಿ, ನಾವು ಪುಣೆಯಲ್ಲಿ. ಅಮ್ಮ ಮತಗಟ್ಟೆಯಲ್ಲಿ ಒಂದು ಗುಂಡಿ ಒತ್ತಿ ಹೊರಡಲು ತಿರುಗಿದಳು. ಅಲ್ಲಿದ್ದ ಸಿಬ್ಬಂದಿ ಕೂಗಿ ನಿಲ್ಲಿಸಿದರು, "ತಾಯಿ, ಅಜೂನ್ ತೀನ್ ಬಾಕಿ ಆಹೇತ್!" ಇನ್ನೂ ಮೂರು ಬಾಕಿ. ಸಂಜೆ ಫೋನಿನಲ್ಲಿ ಚಿಕ್ಕಮ್ಮನ ತಕರಾರು: "ಅಕ್ಕಾ, ನನಗ ಒಂದ ವೋಟು, ನಿನಗ್ಯಾಕ ನಾಲ್ಕು?"

ಚಿಕ್ಕಮ್ಮನ ಪ್ರಶ್ನೆ ಸರಿಯಾಗಿಯೇ ಇದೆ. ಮುಂಬಯಿಯಲ್ಲಿ 227 ವಾರ್ಡು, ವಾರ್ಡಿಗೆ ಒಬ್ಬರು, ಹಾಗಾಗಿ ಒಂದು ವೋಟು. ಪುಣೆಯಲ್ಲಿ 41 ಪ್ರಭಾಗ (ಅಂದರೆ ದೊಡ್ಡ ವಾರ್ಡು), 165 ಸ್ಥಾನ. 40 ಪ್ರಭಾಗಗಳಲ್ಲಿ ನಾಲ್ಕು ನಾಲ್ಕು ಜನ, ಒಂದರಲ್ಲಿ ಐದು. ನಮ್ಮ ಪ್ರಭಾಗದ ನಾಲ್ಕು ಸ್ಥಾನಕ್ಕೆ ಅ, ಬ, ಕ, ಡ ಎಂದು ಹೆಸರು. (ಅ ಆದಮೇಲೆ ಆ ಬರಬೇಕಲ್ವಾ, ಬ ಎಲ್ಲಿಂದ ಬಂತು ಅಂತ ನಮ್ಮ ಕನ್ನಡದ ತಲೆ ಅಲ್ಲೇ ಒಂದು ಕ್ಷಣ ನಿಂತುಬಿಡುತ್ತದೆ. ಇದು ಮರಾಠಿಯ ಎ, ಬಿ, ಸಿ, ಡಿ.) ಒಂದೊಂದು ಸ್ಥಾನದ ಹಾಳೆಗೆ ಒಂದೊಂದು ಬಣ್ಣ: ಬಿಳಿ, ತಿಳಿ ಗುಲಾಬಿ, ತಿಳಿ ಹಳದಿ, ತಿಳಿ ನೀಲಿ. ಒಂದೊಂದು ಗುಂಡಿ ಒತ್ತಿದಾಗಲೂ ದೀಪ ಹತ್ತುತ್ತದೆ. ಬೀಪ್ ಸದ್ದು ಬರುವುದು ನಾಲ್ಕೂ ಮುಗಿದ ಮೇಲೆ. ಯಾರೂ ಬೇಡವೆನಿಸಿದ ಸ್ಥಾನಕ್ಕೆ ಅಲ್ಲೇ ನೋಟಾ ಇರುತ್ತದೆ.

ನನ್ನ ಮೊದಲ ತಪ್ಪು ಇಲ್ಲಾಯಿತು. "ಇದು ಯಾವ ಪದ್ಧತಿ?" ಎಂಬ ಪ್ರಶ್ನೆಗೆ "ಬಹುಸದಸ್ಯ ಕ್ಷೇತ್ರ, ಮತದಾರ ಒಟ್ಟು ಪಟ್ಟಿಯಿಂದ ಯಾರಾದರೂ ನಾಲ್ವರನ್ನು ಆರಿಸಬಹುದು" ಎಂದು ಬರೆದೆ. ಪೂರ್ತಿ ತಪ್ಪು. ಒಂದೇ ಕೋಣೆಯಲ್ಲಿ ನಡೆಯುವ ನಾಲ್ಕು ಬೇರೆ ಬೇರೆ ಚುನಾವಣೆ ಅಂತ ತಿಳಿಯಿರಿ. ಅ ಗುಂಪಿನ ಇಬ್ಬರು ಇಷ್ಟ ಅಂತ ಅಲ್ಲಿ ಎರಡು ವೋಟು ಹಾಕಿ ಕ ಗುಂಪನ್ನು ಬಿಡಲು ಆಗೋದಿಲ್ಲ. ನಾಲ್ಕು ಗುಂಪಿಗೆ ನಾಲ್ಕು ಬೇರೆ ಪಕ್ಷ ಆರಿಸಬಹುದು, ಎಲ್ಲ ಕಡೆ ಒಂದೇ ಪಕ್ಷವನ್ನೂ ಆರಿಸಬಹುದು. ಅ ಗುಂಪಿನಲ್ಲಿ ಸೋತವರ ವೋಟು ಜಾಸ್ತಿ ಇದ್ದು, ಡ ಗುಂಪಿನಲ್ಲಿ ಗೆದ್ದವರ ವೋಟು ಕಡಿಮೆ ಇರಬಹುದು. ಅವರಿಬ್ಬರಿಗೂ ಸ್ಪರ್ಧೆಯೇ ಇಲ್ಲ.

ನಾನು ಬರೆದ ಪದ್ಧತಿ ಬೇರೆ ಕಡೆ ಇದೆ. ಹೌಸಿಂಗ್ ಸೊಸೈಟಿ ಕಮಿಟಿಯ ಚುನಾವಣೆಯಲ್ಲಿ ಸಾಮಾನ್ಯ ಸ್ಥಾನಗಳಿಗೆ ಒಂದೇ ಪಟ್ಟಿ, ಎಷ್ಟು ಸ್ಥಾನವೋ ಅಷ್ಟು ಗುರುತು. ನನ್ನ ತಲೆಯಲ್ಲಿ ಕೂತಿದ್ದದ್ದು ಅದು. ಅಮ್ಮನ ತಲೆಯಲ್ಲಿ ಕೂತಿದ್ದದ್ದು ಲೋಕಸಭೆಯ ಒಂದೇ ಗುಂಡಿ. ಇಬ್ಬರ ತಪ್ಪೂ ಒಂದೇ ಜಾತಿಯದು. ಹೊಸದು ಅರ್ಥವಾಗದೇ ಎಡವಿದ್ದಲ್ಲ, ಹಳೆಯದರ ರೂಢಿ ಕೈಯಲ್ಲಿ ಉಳಿದದ್ದು. ಇದಕ್ಕೆ ನಾನು "ಹಳೇ ಕೈ" ಅಂತ ಹೆಸರಿಟ್ಟಿದ್ದೇನೆ. ಮುಂದೆ ಮತ್ತೆ ಮತ್ತೆ ಬರುತ್ತದೆ.

ಒಂದು, ಎರಡು, ಮೂರು: ನಾನು ಬಿದ್ದ ಗುಂಡಿ

ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರ. ಪುಣೆ ಪದವೀಧರ ಕ್ಷೇತ್ರ ಅಂದರೆ ಪುಣೆ, ಸಾತಾರಾ, ಸಾಂಗಲಿ, ಸೊಲ್ಲಾಪುರ, ಕೊಲ್ಹಾಪುರ, ಐದು ಜಿಲ್ಲೆ ಸೇರಿ ಒಬ್ಬರು. ಇಲ್ಲಿ ಯಂತ್ರವಿಲ್ಲ, ಕಾಗದ. ಪಕ್ಷದ ಚಿಹ್ನೆ ಇಲ್ಲ. ಠಸ್ಸೆ ಇಲ್ಲ. ಅವರೇ ಕೊಡುವ ನೇರಳೆ ಬಣ್ಣದ ಸ್ಕೆಚ್ ಪೆನ್ನಿನಿಂದ ಹೆಸರಿನ ಎದುರು 1, 2, 3 ಅಂತ ಬರೆಯಬೇಕು. 1 ಕಡ್ಡಾಯ, ಉಳಿದದ್ದು ನಿಮ್ಮಿಷ್ಟ. 1 ಇಲ್ಲದಿದ್ದರೆ, ಇಬ್ಬರಿಗೆ 1 ಬರೆದರೆ, ಅಂಕಿಯ ಬದಲು ಟಿಕ್ ಹಾಕಿದರೆ, ಸಹಿ ಮಾಡಿದರೆ ಮತ ಅಸಿಂಧು. ಅಕ್ಷರದಲ್ಲೂ ಬರೆಯುವಂತಿಲ್ಲ.

ಒಂದು ಮಜಾ ಗೊತ್ತಾ? ಎಂಟನೇ ಅನುಸೂಚಿಯ ಯಾವ ಭಾಷೆಯ ಅಂಕಿಯಾದರೂ ನಡೆಯುತ್ತದೆ. ಅಂದರೆ ಪುಣೆಯ ಮತಗಟ್ಟೆಯಲ್ಲಿ ಕನ್ನಡದ ೧ ಬರೆದರೂ ಅದು ವೋಟೇ. ಆದರೂ ನಾನು ಬರೆಯೋದಿಲ್ಲ. ನಮ್ಮ ೧ ನೋಡಿ, ಬಾಯಿ ಬಿಟ್ಟ ಸೊನ್ನೆಯ ಹಾಗಿದೆ. ಎಣಿಸುವವರು ಅದನ್ನು ಹಿಡಿದುಕೊಂಡು ತಲೆ ಕೆರೆದುಕೊಳ್ಳುವ ಚಿತ್ರ ಕಣ್ಣ ಮುಂದೆ ಬರುತ್ತದೆ. ಭಾಷಾಭಿಮಾನ ತೋರಿಸಲು ಬೇರೆ ಜಾಗ ಬೇಕಾದಷ್ಟಿವೆ.

ಈಗ ಎಣಿಕೆ. ಇಲ್ಲಿ ನಿಧಾನವಾಗಿ ಹೋಗುತ್ತೇನೆ, ಯಾಕೆಂದರೆ ನನ್ನ ಉಳಿದೆರಡು ತಪ್ಪು ಇಲ್ಲೇ ಆದವು.

ಅಭ್ಯಾಸಿಕೆಯ 22 ಜನ ಒಂದು ದಿನದ ಪ್ರವಾಸಕ್ಕೆ ಊರು ಆರಿಸುತ್ತಿದ್ದೇವೆ ಅಂದುಕೊಳ್ಳಿ. ಒಬ್ಬ ಅಂಕಿಯ ಬದಲು ಟಿಕ್ ಹಾಕಿದ. ಅವನ ಚೀಟಿ ಹೊರಗೆ. ಉಳಿದ ಸಿಂಧು ಮತ 21. ಕೋಟಾ, ಅಂದರೆ ಗೆಲ್ಲಲು ಮುಟ್ಟಬೇಕಾದ ಸಂಖ್ಯೆ, ಎಷ್ಟು? ಸೂತ್ರ ನಿಮಗೆ ಬಾಯಿಪಾಠ: ಸಿಂಧು ಮತಗಳನ್ನು ಎರಡರಿಂದ ಭಾಗಿಸಿ ಒಂದು ಕೂಡಿಸು. 21ರ ಅರ್ಧ 10.5. ಶಾಲೆಯ ಗಣಿತದಂತೆ ಅದನ್ನು 11 ಮಾಡಿ ಒಂದು ಕೂಡಿಸಿದರೆ 12 ಬರುತ್ತದೆ. ತಪ್ಪು. ಭಾಗಿಸಿದಾಗ ಬಂದ ಚೂರನ್ನು ಬಿಸಾಕಬೇಕು. 10.5 ಅಂದರೆ 10. ಅದಕ್ಕೆ ಒಂದು ಸೇರಿಸಿದರೆ 11.

ಚೂರನ್ನು ಯಾಕೆ ಬಿಸಾಕಬೇಕು ಅಂತ ಅರ್ಧ ದಿನ ಕೂತು ಯೋಚಿಸಿದೆ. ಕೊನೆಗೆ ಗೊತ್ತಾಯಿತು: ಕೋಟಾ ಅಂದರೆ "ಇಬ್ಬರೂ ಒಟ್ಟಿಗೆ ಮುಟ್ಟಲಾಗದ ಅತಿ ಚಿಕ್ಕ ಸಂಖ್ಯೆ". 21 ಮತದಲ್ಲಿ ಇಬ್ಬರೂ ಹತ್ತು ಹತ್ತು ಪಡೆಯಬಹುದು. ಇಬ್ಬರೂ ಹನ್ನೊಂದು ಪಡೆಯಲಾರರು, 22 ಬೇಕಾಗುತ್ತದೆ. ಹಾಗಾಗಿ 11 ಸಾಕು. ಈ ಅರ್ಥ ಹಿಡಿದ ಮೇಲೆ ನನಗೆ ಸೂತ್ರವೇ ಬೇಡವಾಯಿತು. ರಾಜ್ಯಸಭೆಗೂ ಇದೇ ಕೆಲಸ ಮಾಡುತ್ತದೆ. ಮಹಾರಾಷ್ಟ್ರದ 288 ಶಾಸಕರು, 6 ಸ್ಥಾನ ಅಂದುಕೊಳ್ಳಿ. ಸ್ಥಾನಕ್ಕಿಂತ ಒಬ್ಬರು ಜಾಸ್ತಿ, ಅಂದರೆ ಏಳು ಜನ ಒಟ್ಟಿಗೆ ಮುಟ್ಟಲಾಗದ ಅತಿ ಚಿಕ್ಕ ಸಂಖ್ಯೆ ಯಾವುದು? 41 ಆದರೆ ಏಳು ಜನಕ್ಕೆ 287, ಇಷ್ಟರಲ್ಲಿ ಆಗಿಹೋಗುತ್ತದೆ. 42 ಆದರೆ 294, ಆಗೋದಿಲ್ಲ. ಉತ್ತರ 42. ಅಲ್ಲಿ ಒಂದು ಮತಕ್ಕೆ 100 ಬೆಲೆ ಕಟ್ಟಿ ಎಣಿಸುತ್ತಾರೆ, ಆಗ ಕೋಟಾ 4115. ಆದರೂ ಮೊದಲ ಸುತ್ತಿನಲ್ಲೇ ಗೆಲ್ಲಲು ಬೇಕಾಗುವುದು 42 ಶಾಸಕರೇ.

ಪ್ರವಾಸಕ್ಕೆ ಮರಳೋಣ. ಮೊದಲ ಪ್ರಾಶಸ್ತ್ಯದ ಎಣಿಕೆ: ಗೋವಾ 8, ಮಹಾಬಳೇಶ್ವರ 6, ಬೆಳಗಾವಿ 5, ಹಂಪಿ 2. ಯಾರಿಗೂ 11 ಇಲ್ಲ. ಕೊನೆಯ ಹಂಪಿ ಹೊರಗೆ. ಹಂಪಿಯ ಎರಡು ಚೀಟಿ ತೆಗೆದು 2 ಎಲ್ಲಿದೆ ಅಂತ ನೋಡಬೇಕು. ಒಂದರಲ್ಲಿ ಮಹಾಬಳೇಶ್ವರ. ಇನ್ನೊಂದರಲ್ಲಿ 2 ಬರೆದೇ ಇಲ್ಲ, ಅದು ಅಲ್ಲಿಗೇ ಮುಗಿಯಿತು. ಈಗ ಗೋವಾ 8, ಮಹಾಬಳೇಶ್ವರ 7, ಬೆಳಗಾವಿ 5. ಬೆಳಗಾವಿ ಹೊರಗೆ. ಅದರ ಐದರಲ್ಲಿ ನಾಲ್ಕು ಮಹಾಬಳೇಶ್ವರಕ್ಕೆ, ಒಂದು ಗೋವಾಕ್ಕೆ. ಮಹಾಬಳೇಶ್ವರ 11, ಗೋವಾ 9. ಮಹಾಬಳೇಶ್ವರ ಗೆದ್ದಿತು. ಲೋಕಸಭೆಯ ಲೆಕ್ಕದಲ್ಲಿ ಮೊದಲ ಸುತ್ತಿನಲ್ಲೇ 8 ಪಡೆದ ಗೋವಾ ಗೆಲ್ಲುತ್ತಿತ್ತು.

ಬೆಳಗಾವಿಯಿಂದ ಮಹಾಬಳೇಶ್ವರಕ್ಕೆ ಹೋದ ನಾಲ್ವರಲ್ಲಿ ಒಬ್ಬರು 2 ಬರೆಯದೇ ಬಿಟ್ಟಿದ್ದರೆ? ಮಹಾಬಳೇಶ್ವರ 10, ಗೋವಾ 9. ಕೋಟಾ 11 ಯಾರಿಗೂ ಇಲ್ಲ. ಆಗ ಚುನಾವಣೆ ಕೆಟ್ಟಿತು ಅಂತಲ್ಲ. ಕಡಿಮೆ ಇರುವ ಗೋವಾ ಹೊರಗೆ ಹೋಗಿ, ಉಳಿದ ಒಬ್ಬರೇ ಗೆದ್ದಂತೆ. "ಕೋಟಾ ಮುಟ್ಟದೆ ಗೆಲ್ಲಲು ಸಾಧ್ಯವಿಲ್ಲ" ಎಂಬ ಹೇಳಿಕೆ ಸರಿ ಅಂತ ಗುರುತು ಹಾಕಿದ್ದು ನನ್ನ ಎರಡನೇ ತಪ್ಪು.

ಮೂರನೆಯದು ಎಲ್ಲರೂ ಕೇಳುವ ಅನುಮಾನ. "ನಾನು ಇನ್ನೊಬ್ಬರಿಗೆ 2 ಕೊಟ್ಟರೆ, ನನ್ನ 1ರವರಿಗೆ ಪೆಟ್ಟು ಬೀಳುತ್ತದಾ?" ಬೀಳುತ್ತದೆ ಅಂತ ಬರೆದೆ. ಒಂದೇ ಸ್ಥಾನದ ಚುನಾವಣೆಯಲ್ಲಿ ಇಲ್ಲ. ನಿಮ್ಮ 1 ಕಣದಲ್ಲಿ ಇರುವತನಕ ನಿಮ್ಮ 2ನ್ನು ಯಾರೂ ನೋಡುವುದೇ ಇಲ್ಲ. 1 ಹೊರಬಿದ್ದ ಮೇಲಷ್ಟೇ 2ಕ್ಕೆ ಜೀವ ಬರುತ್ತದೆ. ಹೊರಬಿದ್ದವರಿಗೆ ಇನ್ನೇನು ಪೆಟ್ಟು? ನಾನು 2 ಅಂದರೆ ಅರ್ಧ ವೋಟು, 3 ಅಂದರೆ ಕಾಲು ವೋಟು ಅಂತೇನೋ ಕಲ್ಪಿಸಿಕೊಂಡಿದ್ದೆ. ರ‍್ಯಾಂಕಿಗೆ ಅಂಕ ಕೊಡುವ ಶಾಲೆಯ ಕ್ರೀಡಾಕೂಟದ ಹಳೇ ಕೈ.

ಇದು ನಮ್ಮಂಥವರ ಪಾಡು ಮಾತ್ರ ಅಂದುಕೊಳ್ಳಬೇಡಿ. 2025ರ ಉಪರಾಷ್ಟ್ರಪತಿ ಚುನಾವಣೆಯಲ್ಲಿ (ಅಲ್ಲೂ ಇದೇ 1, 2, 3) ವೋಟು ಹಾಕಿದವರು 767 ಸಂಸದರು, ಅಸಿಂಧು ಆದ ಮತ 15. ಸಿಂಧು ಮತ ಎಷ್ಟು, ಕೋಟಾ ಎಷ್ಟು, ಇಲ್ಲೇ ಲೆಕ್ಕ ಹಾಕಿ ನೋಡಿ. 377 ಬಂದರೆ ಮುಂದಕ್ಕೆ ಹೋಗಿ.

ಸ್ಕಾಟ್ಲೆಂಡ್, ಆಸ್ಟ್ರೇಲಿಯಾ (ಪರೀಕ್ಷೆಗೆ ಬರುವಷ್ಟು)

2007ರ ಮೇ 3ರಂದು ಸ್ಕಾಟ್ಲೆಂಡಿನಲ್ಲಿ ಸಂಸತ್ತಿಗೂ ಸ್ಥಳೀಯ ಸಂಸ್ಥೆಗಳಿಗೂ ಒಂದೇ ದಿನ ಚುನಾವಣೆ. ಸಂಸತ್ತಿಗೆ ಎರಡು ವೋಟು, ಒಂದು ಪಕ್ಷದ ಪಟ್ಟಿಗೆ, ಒಂದು ಕ್ಷೇತ್ರದ ಅಭ್ಯರ್ಥಿಗೆ, ಎರಡಕ್ಕೂ ಕತ್ತರಿ ಗುರುತು. ಸ್ಥಳೀಯ ಸಂಸ್ಥೆಗೆ ಬೇರೆ ಹಾಳೆ, ಅಲ್ಲಿ 1, 2, 3. ಸಂಸತ್ತಿನ ಮತಗಳಲ್ಲೇ 1 ಲಕ್ಷ 40 ಸಾವಿರಕ್ಕೂ ಜಾಸ್ತಿ ತಿರಸ್ಕಾರವಾದವು.

ಇಲ್ಲಿ ನಾವು ಥಟ್ಟನೆ ಬರೆಯುವ ಉತ್ತರ: "ಅಂಕಿಯ ಪದ್ಧತಿ ಜನರಿಗೆ ಹೊಸದು, ಹಾಗಾಗಿ ಗೊಂದಲ." ನಿಲ್ಲಿ. ಅಂಕಿ ಬರೆಯುವ ಹಾಳೆಯಲ್ಲಿ ತಿರಸ್ಕಾರವಾದದ್ದು ಶೇ. 2ಕ್ಕಿಂತ ಕಡಿಮೆ. ಕತ್ತರಿ ಹಾಕುವ ಕ್ಷೇತ್ರದ ಮತದಲ್ಲಿ ಸುಮಾರು ಶೇ. 4. ಸುಲಭದ ಹಾಳೆಯೇ ಜಾಸ್ತಿ ಕೆಟ್ಟಿತು! ಕಾರಣ ಹಾಳೆಯ ಜೋಡಣೆ. ಹಿಂದಿನ ಎರಡು ಚುನಾವಣೆಗಳಲ್ಲಿ ಸಂಸತ್ತಿನ ಎರಡು ವೋಟಿಗೆ ಎರಡು ಹಾಳೆ ಇದ್ದವು. ಆ ಸಲ ಎರಡನ್ನೂ ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಕೂರಿಸಿದ್ದರು. ಕೆಲವರು ಒಂದು ಬದಿಗೆ ಮಾತ್ರ ಗುರುತು ಹಾಕಿದರು, ಕೆಲವರು ಎರಡನ್ನೂ ಒಂದೇ ಬದಿಗೆ ಹಾಕಿದರು. ಆಮೇಲೆ ಹಾಳೆಗಳನ್ನು ಮತ್ತೆ ಬೇರೆ ಮಾಡಿದರು, 2011ರಲ್ಲಿ ಸಂಸತ್ತು, 2012ರಲ್ಲಿ ಸ್ಥಳೀಯ ಸಂಸ್ಥೆ ಅಂತ ವರ್ಷವನ್ನೂ ಬೇರೆ ಮಾಡಿದರು.

ಆಸ್ಟ್ರೇಲಿಯಾದ್ದು ಹಳೇ ಕೈಗೆ ನನ್ನ ಮೆಚ್ಚಿನ ಉದಾಹರಣೆ. 1983ರಲ್ಲಿ ಸೆನೆಟ್ ಹಾಳೆಯಲ್ಲಿ ಎಲ್ಲ ಹೆಸರಿಗೂ ಅಂಕಿ ಬರೆಯಬೇಕಿತ್ತು, ಹತ್ತಿರ ಹತ್ತಿರ ಶೇ. 10 ಮತ ಹಾಳಾದವು. 1984ರಲ್ಲಿ ಸುಲಭ ಮಾಡಿದರು: ಹಾಳೆಗೆ ಒಂದು ಅಡ್ಡಗೆರೆ, ಅದರ ಮೇಲಿನ ಭಾಗದಲ್ಲಿ ಒಂದು ಪಕ್ಷಕ್ಕೆ 1 ಬರೆದರೆ ಸಾಕು. ಸೆನೆಟ್‌ನಲ್ಲಿ ಹಾಳಾಗುವುದು ಅರ್ಧಕ್ಕಿಳಿಯಿತು. ಆದರೆ ಅದೇ ದಿನದ ಕೆಳಮನೆಯ ಹಾಳೆಯಲ್ಲಿ ಶೇ. 2ರ ಆಸುಪಾಸು ಇದ್ದದ್ದು ಶೇ. 6 ದಾಟಿತು. ಅಲ್ಲಿ ಎಲ್ಲರಿಗೂ ಅಂಕಿ ಬರೆಯುವ ನಿಯಮ ಹಾಗೇ ಇತ್ತು. ಜನ ಅಲ್ಲೂ 1 ಬರೆದು ಎದ್ದುಬಂದರು.

ನನ್ನ ಅಡ್ಡದಾರಿ

ಪ್ರಶ್ನೆಯಲ್ಲಿ ಯಾವ ಚುನಾವಣೆ ಬಂದರೂ ಪದ್ಧತಿಯ ಹೆಸರು ನೆನಪಿಸಿಕೊಳ್ಳಲು ಹೋಗಬೇಡಿ. ಮೊದಲು ಕೇಳಿಕೊಳ್ಳಿ: ಎಷ್ಟು ಸ್ಪರ್ಧೆ, ಒಂದೊಂದರಲ್ಲಿ ಎಷ್ಟು ವೋಟು, ಗುರುತು ಏನು? ಪುಣೆ ಪಾಲಿಕೆ: ನಾಲ್ಕು, ಒಂದೊಂದು, ಗುಂಡಿ. ಮುಂಬಯಿ: ಒಂದು, ಒಂದು, ಗುಂಡಿ. ಪದವೀಧರ: ಒಂದು, ಒಂದು, ಅಂಕಿ. (2, 3 ಬರೆದರೂ ವೋಟು ಒಂದೇ. ಅದು ಜಾಗ ಬದಲಿಸುತ್ತದೆ, ಅಷ್ಟೇ.)

ಪುಣೆಯಲ್ಲಿರುವ ಪದವೀಧರರಿಗೆ ಒಂದು ಮಾತು. ಈ ಕ್ಷೇತ್ರದ ಪಟ್ಟಿಯನ್ನು ಪ್ರತಿ ಸಲ ಹೊಸದಾಗಿ ಮಾಡುತ್ತಾರೆ. ವಿಧಾನಸಭೆ ಪಟ್ಟಿಯಲ್ಲಿ ಹೆಸರಿದೆ ಅಂತ ಸುಮ್ನೆ ಕೂರಬೇಡಿ, ಫಾರ್ಮ್ 18 ತುಂಬಬೇಕು. ನವೆಂಬರ್ 1ಕ್ಕೆ ಪದವಿ ಮುಗಿದು ಮೂರು ವರ್ಷ ಆಗಿರಬೇಕು. ನಮ್ಮ ಊರಿನ ಕಡೆಯ ವಿಶ್ವವಿದ್ಯಾಲಯದ ಪದವಿಯೂ ನಡೆಯುತ್ತದೆ, ವಾಸ ಇಲ್ಲಿರಬೇಕು.

ಅಮ್ಮ ಧಾರವಾಡದ ಬಿ.ಎ. ಈ ಸಲ ಅವಳ ಫಾರ್ಮ್ ನಾನೇ ತುಂಬುತ್ತೇನೆ ಅಂದೆ. ನಿನ್ನೆ ರಾತ್ರಿ ಪ್ರವಾಸದ ನಾಲ್ಕು ಊರಿನ ಒಂದು ಚೀಟಿ ಮಾಡಿ, ಮೇಲಿನದನ್ನೆಲ್ಲ ವಿವರಿಸಿ, ಕೈಗೆ ಪೆನ್ನು ಕೊಟ್ಟೆ. ಟಿಕ್ ಬೇಡ, ಠಸ್ಸೆ ಇಲ್ಲ, ಸಹಿ ಬೇಡ ಅಂತ ಮೂರು ಸಲ ಹೇಳಿದ್ದೆ. ಟಿಕ್ ಹಾಕಿರಲಿಲ್ಲ. ಸಹಿಯನ್ನೂ ಮಾಡಿರಲಿಲ್ಲ. ಹಂಪಿಯ ಎದುರು ದುಂಡಗೆ, ಅಂದವಾಗಿ ಬರೆದಿದ್ದಳು: "ಒಂದು".