ಜಿ-ಕೋಡ್ ಬರೆಯಲು ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಸಿದ್ಧಪಡಿಸುವುದು

ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯ ಐಟಿಐ ಅಥವಾ ಡಿಪ್ಲೊಮಾ ಲ್ಯಾಬಿನಲ್ಲಿ ಇಪ್ಪತ್ತು ಮಂದಿಗೆ ಒಂದೇ ಸಿಎನ್‌ಸಿ ಲೇತ್ (ಕಂಪ್ಯೂಟರ್ ಆಜ್ಞೆಯಂತೆ ಲೋಹ ಕಡೆಯುವ ಯಂತ್ರ) ಇದ್ದರೆ, ಪ್ಯಾನೆಲ್ ಮುಂದೆ ನಿಂತು ಜಿ-ಕೋಡ್ ಪ್ರೋಗ್ರಾಂ, ಅಂದರೆ ಯಂತ್ರಕ್ಕೆ ಕೊಡುವ ಆಜ್ಞೆಗಳ ಪಟ್ಟಿ, ಒತ್ತುವಷ್ಟು ಸಮಯ ಯಾರಿಗೂ ಸಿಗುವುದಿಲ್ಲ. ಕಂಪ್ಯೂಟರಿನಲ್ಲಿ ಬರೆದು, ತಿದ್ದಿ, ಆಮೇಲೆ ಯಂತ್ರಕ್ಕೆ ಹಾಕುವುದೇ ಸರಿ. ಅದಕ್ಕೆ ಉಚಿತ ಪಠ್ಯ ಎಡಿಟರ್ ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಸಾಕು. ಲ್ಯಾಬಿನ ಅಡ್ಮಿನ್ ಪಾಸ್‌ವರ್ಡ್ ಇಲ್ಲದವರು ಪೋರ್ಟಬಲ್ ಜಿಪ್ ಇಳಿಸಿ ಪೆನ್‌ಡ್ರೈವಿನಿಂದಲೇ ನಡೆಸಬಹುದು.

ಈ ಎಡಿಟರಿಗೆ ಜಿ-ಕೋಡ್ ಗೊತ್ತಿಲ್ಲ, ಆಜ್ಞೆಗಳನ್ನು ಬೇರೆ ಬೇರೆ ಬಣ್ಣದಲ್ಲಿ ತೋರಿಸಲು ನಾವೇ ಕಲಿಸಬೇಕು. ಲ್ಯಾಂಗ್ವೇಜ್ ಮೆನುವಿನ ಯೂಸರ್ ಡಿಫೈನ್ಡ್ ಲ್ಯಾಂಗ್ವೇಜ್‌ನಲ್ಲಿ 'ಡಿಫೈನ್ ಯುವರ್ ಲ್ಯಾಂಗ್ವೇಜ್' ತೆರೆದು, ಕ್ರಿಯೇಟ್ ನ್ಯೂ ಒತ್ತಿ ಹೆಸರು ಕೊಡಿ. ಎಕ್ಸ್‌ಟೆನ್ಷನ್ ಜಾಗದಲ್ಲಿ ಚುಕ್ಕಿ ಇಲ್ಲದೆ ಎನ್‌ಸಿ ಎಂದಷ್ಟೇ ಇಂಗ್ಲಿಷಿನಲ್ಲಿ ಬರೆಯಿರಿ. ಕೀವರ್ಡ್ಸ್ ಪುಟದಲ್ಲಿ ಎಂಟು ಗುಂಪುಗಳಿವೆ. ಇಂಗ್ಲಿಷ್ ಅಕ್ಷರಗಳಲ್ಲಿ ಒಂದನೆಯದಕ್ಕೆ ಜಿ, ಎರಡನೆಯದಕ್ಕೆ ಎಂ, ಮೂರನೆಯದಕ್ಕೆ ಟೂಲ್ ಎಲ್ಲಿಗೆ ಹೋಗಬೇಕೆಂದು ಹೇಳುವ ಎಕ್ಸ್, ಝಡ್, ಯು, ಡಬ್ಲ್ಯು, ನಾಲ್ಕನೆಯದಕ್ಕೆ ಫೀಡ್, ಸ್ಪೀಡ್, ಟೂಲ್ ಸೂಚಿಸುವ ಎಫ್, ಎಸ್, ಟಿ ಹಾಕಿ, ಬೇರೆ ಬೇರೆ ಬಣ್ಣ ಕೊಡಿ. ನಾಲ್ಕಕ್ಕೂ ಪ್ರಿಫಿಕ್ಸ್ ಮೋಡ್ ಟಿಕ್ ಮಾಡಲೇಬೇಕು. ಇಲ್ಲದಿದ್ದರೆ ಒಂಟಿ ಅಕ್ಷರಕ್ಕೆ ಮಾತ್ರ ಬಣ್ಣ ಬರುತ್ತದೆ, ಜಿ01 ಕಪ್ಪಾಗಿಯೇ ಉಳಿಯುತ್ತದೆ. ಪದಗಳ ನಡುವೆ ಸ್ಪೇಸ್ ಬಿಡದೆ ಸಾಲಾಗಿ ಅಂಟಿಸಿದರೂ ಬಣ್ಣ ಕೆಡುತ್ತದೆ, ಅದೆಲ್ಲ ಸೇರಿ ಒಂದೇ ಪದ ಎಂದು ಎಡಿಟರ್ ತಿಳಿಯುತ್ತದೆ. ಕಾಮೆಂಟ್‌ಗೆ (ಯಂತ್ರ ಆಜ್ಞೆಯೆಂದು ಪರಿಗಣಿಸದ ಟಿಪ್ಪಣಿ) ಓಪನ್‌ನಲ್ಲಿ ( ಮತ್ತು ಕ್ಲೋಸ್‌ನಲ್ಲಿ ) ಕೊಡಿ.

ಜೀವಕ್ಕೆ ಬರುವ ತಪ್ಪು ದಶಮಾಂಶ ಚುಕ್ಕಿಯದು. ಫ್ಯಾನಕ್ ಕಂಪನಿಯ ಕಂಟ್ರೋಲರಿನಲ್ಲಿ (ಯಂತ್ರ ನಡೆಸುವ ಕಂಪ್ಯೂಟರ್) 3401ನೇ ಪ್ಯಾರಾಮೀಟರಿನ, ಅಂದರೆ ಸೆಟ್ಟಿಂಗಿನ, ಸೊನ್ನೆಯ ಬಿಟ್‌ನ ಬೆಲೆ 0 ಇದ್ದರೆ, ಸಾಮಾನ್ಯ ಮೆಟ್ರಿಕ್ ಸೆಟ್ಟಿಂಗಿನಲ್ಲಿ, ಚುಕ್ಕಿಯಿಲ್ಲದ 42 ಎಂದರೆ 42 ಮಿ.ಮೀ. ಅಲ್ಲ, 0.042 ಮಿ.ಮೀ. 40 ಮಿ.ಮೀ. ವ್ಯಾಸದ ಜಾಬ್‌ನಿಂದ (ಕಡೆಯುತ್ತಿರುವ ತುಂಡು) ಹೊರಗೆ ಸರಿಯಲೆಂದು ಜಿ00 ಎಕ್ಸ್42 ಬರೆದರೆ, ಟೂಲ್ ಹೊರಗೆ ಬರುವ ಬದಲು ರ‍್ಯಾಪಿಡ್ ವೇಗದಲ್ಲಿ ಜಾಬ್‌ನ ಮಧ್ಯಕ್ಕೇ ನುಗ್ಗುತ್ತದೆ. ಬಣ್ಣ ಇದನ್ನು ತೋರಿಸುವುದಿಲ್ಲ. ಕಂಟ್ರೋಲ್-ಎಫ್ ಒತ್ತಿ, ಮಾರ್ಕ್ ಪುಟದಲ್ಲಿ ರೆಗ್ಯುಲರ್ ಎಕ್ಸ್‌ಪ್ರೆಷನ್ (ಮಾದರಿ ಕೊಟ್ಟು ಹುಡುಕುವ ವಿಧಾನ) ಆರಿಸಿ, ಎಕ್ಸ್ ಅಕ್ಷರವನ್ನು ಇಂಗ್ಲಿಷಿನಲ್ಲಿ ಒತ್ತಿ, ಅದಕ್ಕೆ ಅಂಟಿದಂತೆ ಇದನ್ನು ಸೇರಿಸಿ:

-?[0-9]+(?![0-9.])

ಮಾರ್ಕ್ ಆಲ್ ಒತ್ತಿದರೆ ಚುಕ್ಕಿ ಮರೆತ ಪ್ರತಿ ಎಕ್ಸ್ ಬಣ್ಣ ಬಳಿದುಕೊಂಡು ಎದ್ದು ಕಾಣುತ್ತದೆ. ಝಡ್, ಯು, ಡಬ್ಲ್ಯುಗೂ ಹೀಗೇ ಮಾಡಿ.

ಎನ್‌ಕೋಡಿಂಗ್ (ಅಕ್ಷರಗಳನ್ನು ಫೈಲಿನಲ್ಲಿ ಉಳಿಸುವ ಬಗೆ) ಆನ್ಸಿ ಇರಲಿ. ಯುಟಿಎಫ್-8 ಬಾಮ್ ಆರಿಸಿದರೆ ಮೊದಲ ಸಾಲಿನ % ಗುರುತಿಗೂ ಮುಂಚೆ ಕಾಣದ ಮೂರು ಬೈಟು ಕೂರುತ್ತವೆ, ಕಂಟ್ರೋಲರ್ ಫೈಲನ್ನು ತಿರಸ್ಕರಿಸಬಹುದು. ಕಾಮೆಂಟನ್ನೂ ಇಂಗ್ಲಿಷಿನಲ್ಲೇ ಬರೆಯಬೇಕು, ಕನ್ನಡದಲ್ಲಿ ಬರೆಯುವ ಆಸೆ ನೋಟ್‌ಬುಕ್ಕಿಗಿರಲಿ. ಫಾಂಟ್ ಕಾನ್ಸೊಲಾಸ್ ಒಳ್ಳೆಯದು: ಅದರಲ್ಲಿ ಸೊನ್ನೆಗೆ ಓರೆಗೀರು ಇರುವುದರಿಂದ, ಪ್ರೋಗ್ರಾಂ ನಂಬರಿನ ಮೊದಲ 'ಓ' ಅಕ್ಷರ ಸೊನ್ನೆಯಾಗಿ ಬಿದ್ದಿದ್ದರೆ ತಕ್ಷಣ ಗೊತ್ತಾಗುತ್ತದೆ.

ವಿದ್ಯುತ್ ಸ್ಥಾವರವಿರುವ ಶಕ್ತಿನಗರದ ಮಗ್ಗುಲಲ್ಲೇ ಇದ್ದರೂ ಕರೆಂಟ್ ಹೋಗುವುದು ತಪ್ಪಿದ್ದಲ್ಲ. ಪ್ರಿಫರೆನ್ಸಸ್‌ನ ಬ್ಯಾಕಪ್‌ನಲ್ಲಿ ಸೆಷನ್ ಸ್ನ್ಯಾಪ್‌ಶಾಟ್ ಆನ್ ಇದೆಯೇ ನೋಡಿ. ಡಿಫಾಲ್ಟಾಗಿ 7 ಸೆಕೆಂಡಿಗೊಮ್ಮೆ ಉಳಿಸುತ್ತದೆ.

ಎಲ್ಲ ಮುಗಿದ ಮೇಲೆ 'ಡಿಫೈನ್ ಯುವರ್ ಲ್ಯಾಂಗ್ವೇಜ್' ಕಿಟಕಿಯ ಎಕ್ಸ್‌ಪೋರ್ಟ್ ಒತ್ತಿದರೆ ಒಂದು ಎಕ್ಸ್‌ಎಂಎಲ್ ಫೈಲ್ ಸಿಗುತ್ತದೆ. ಪಕ್ಕದ ಕಂಪ್ಯೂಟರಿನಲ್ಲಿ ಅದನ್ನು ಇಂಪೋರ್ಟ್ ಮಾಡಿ, ಎಡಿಟರ್ ಒಮ್ಮೆ ಮುಚ್ಚಿ ತೆರೆದರಾಯಿತು.