ಫೈಲಿನ ಹೆಸರು ಕೇಳಿದರೆ 'ಫೇಕ್‌ಪಾತ್' ಯಾಕೆ ಬರುತ್ತದೆ?

ಫಾರ್ಮ್‌ನಲ್ಲಿ ಆರಿಸಿದ ಫೈಲಿನ ಹೆಸರನ್ನು ಬಟನ್ ಪಕ್ಕ ತೋರಿಸಬೇಕು, ಅಷ್ಟೇ ಕೆಲಸ. ಜಾವಾಸ್ಕ್ರಿಪ್ಟ್‌ನಲ್ಲಿ ಆ ಫೈಲ್ ಆರಿಸುವ ಇನ್‌ಪುಟ್‌ನ 'ವ್ಯಾಲ್ಯೂ' (ಅದರಲ್ಲಿರುವ ಬೆಲೆ) ಓದಿದರೆ 'ಸಿ:\ಫೇಕ್‌ಪಾತ್\ಫೋಟೊ.ಜೆಪಿಜಿ' ಅಂತ ಬರುತ್ತದೆ. ಸಿ ಡ್ರೈವೇ ಇಲ್ಲದ ಮ್ಯಾಕ್‌ನಲ್ಲೂ ಲಿನಕ್ಸ್‌ನಲ್ಲೂ ಅದೇ ಉತ್ತರ! ಆ ಫೋಲ್ಡರ್ ಎಲ್ಲೂ ಇಲ್ಲ, ಹುಡುಕಬೇಡಿ.

ಫಾರ್ಮ್ ಮೂಲಕ ಫೈಲ್ ಕಳಿಸುವ ವಿಧಾನ 1995ರ ನವೆಂಬರ್‌ನಲ್ಲಿ ಆರ್‌ಎಫ್‌ಸಿ 1867 ಅನ್ನುವ ಇಂಟರ್ನೆಟ್ ತಾಂತ್ರಿಕ ದಾಖಲೆಯಾಗಿ ಬಂತು, ಆಮೇಲೆ ಹತ್ತು ಹನ್ನೆರಡು ವರ್ಷ ಹೇಗೋ ನಡೆದುಕೊಂಡು ಹೋಯಿತು.

ಹೇಗೋ ಅಂದರೆ, ಇಂಟರ್ನೆಟ್ ಎಕ್ಸ್‌ಪ್ಲೋರರ್ 7ರವರೆಗೂ ವ್ಯಾಲ್ಯೂ ಕೇಳಿದರೆ ಫೈಲಿನ ಪೂರ್ತಿ ಪಾತ್, ಅಂದರೆ ಯಾವ ಡ್ರೈವ್, ಯಾವ ಫೋಲ್ಡರ್ ಅನ್ನುವ ವಿಳಾಸ, ಸಿಗುತ್ತಿತ್ತು. ವಿಂಡೋಸ್ ಎಕ್ಸ್‌ಪಿಯಲ್ಲಿ 'ಮೈ ಡಾಕ್ಯುಮೆಂಟ್ಸ್' ಒಳಗಿನ ಫೋಟೊ ಆರಿಸಿದರೆ ನಿಮ್ಮ ಲಾಗಿನ್ ಹೆಸರೂ ಅದರ ಜೊತೆ ಸೈಟಿಗೆ ಹೋಗುತ್ತಿತ್ತು. ಕೋಡ್ ಬರೆಯುವವರಿಗೆ ಅದೇ ಅಭ್ಯಾಸ: ಕೊನೆಯ ಬ್ಯಾಕ್‌ಸ್ಲ್ಯಾಶ್ ಹುಡುಕು, ಅದರ ಮುಂದಿನದನ್ನು ಕತ್ತರಿಸಿ ತಗೋ. ನಾನೂ ಹಾಗೇ ಬರೆದವನು.

ಗೋಜಲು ಶುರುವಾದದ್ದು 2008ರ ಜೂನ್‌ನಲ್ಲಿ. ಫೈರ್‌ಫಾಕ್ಸ್ 3 ಪಾತ್ ಪೂರ್ತಿ ತೆಗೆದು ಹೆಸರನ್ನಷ್ಟೇ ಕೊಟ್ಟಿತು. ಸರಿಯಾದ ಕೆಲಸವೇ, ಅಲ್ವಾ? ಆದರೆ ಬ್ಯಾಕ್‌ಸ್ಲ್ಯಾಶ್ ಇಲ್ಲದಿದ್ದರೆ ಅದು ಫೈಲೇ ಅಲ್ಲ ಅಂತ ನಂಬಿಕೊಂಡಿದ್ದ ಹಳೆಯ ಪುಟಗಳು ಮುಗ್ಗರಿಸಿದವು. 2009ರ ಮಾರ್ಚ್‌ನಲ್ಲಿ ಬಂದ ಇಂಟರ್ನೆಟ್ ಎಕ್ಸ್‌ಪ್ಲೋರರ್ 8 ಬೇರೆ ಉಪಾಯ ಮಾಡಿತು: ನಿಜವಾದ ಪಾತ್ ಮುಚ್ಚಿಟ್ಟು ಸುಳ್ಳು ಪಾತ್ ಅಂಟಿಸಿತು. ಬ್ಯಾಕ್‌ಸ್ಲ್ಯಾಶ್ ಬೇಕೆಂದವರಿಗೆ ಬ್ಯಾಕ್‌ಸ್ಲ್ಯಾಶ್ ಸಿಕ್ಕಿತು, ಗುಟ್ಟೂ ಉಳಿಯಿತು. ಆದರೆ ಈ ತಡೆ ಇದ್ದದ್ದು ಇಂಟರ್ನೆಟ್ ವಲಯಕ್ಕೆ, ಅಂದರೆ ಹೊರಗಿನ ಸೈಟುಗಳಿಗೆ, ಮಾತ್ರ, ಹಾಗಾಗಿ ಆಫೀಸಿನ ಇಂಟ್ರಾನೆಟ್‌ನಲ್ಲಿ ಒಂದು ಉತ್ತರ, ಹೊರಗಡೆ ಇನ್ನೊಂದು. ಅದೇ ಕೋಡ್, ಅದೇ ಬ್ರೌಸರ್! ನಮ್ಮಂಥವರ ಸೋಮಾರಿ ಕೋಡ್ ಬದುಕಲಿ ಅಂತ ಬ್ರೌಸರ್ ಸುಳ್ಳು ಹೇಳಬೇಕಾಯಿತು.

ಆ ಸುಳ್ಳನ್ನೇ ವೆಬ್ ಪುಟಗಳ ಮಾನದಂಡವಾದ ಎಚ್‌ಟಿಎಂಎಲ್5 ನಿಯಮವಾಗಿ ಬರೆದುಕೊಂಡಿತು, ಹಳೆಯ ಕಾರಣಗಳಿಗಾಗಿ ಹೀಗೆ ಅನ್ನುವ ಷರಾ ಸಮೇತ. ಕೊನೆಗೆ ಫೈರ್‌ಫಾಕ್ಸ್ ಕೂಡ ಅದೇ ಸಾಲಿಗೆ ಬಂತು. ಆ ಸುಳ್ಳು ಪಾತ್ (C:\fakepath\) ಇಂಗ್ಲಿಷಿನಲ್ಲಿ ಎಣಿಸಿದರೆ ಸರಿಯಾಗಿ 12 ಅಕ್ಷರ, ಹಾಗಾಗಿ ಆ 12ನ್ನು ಬಿಟ್ಟು ಓದಿದರೆ ಹೆಸರು ಸಿಗುತ್ತದೆ. ಕೊನೆಯ ಬ್ಯಾಕ್‌ಸ್ಲ್ಯಾಶ್ ಹುಡುಕುವ ಹಳೆಯ ಉಪಾಯ ಇಲ್ಲಿ ಪೂರ್ತಿ ನಂಬಿಕಸ್ತ ಅಲ್ಲ, ಯಾಕಂದ್ರೆ ಲಿನಕ್ಸ್‌ನಲ್ಲಿ ಫೈಲಿನ ಹೆಸರಿನೊಳಗೇ ಬ್ಯಾಕ್‌ಸ್ಲ್ಯಾಶ್ ಇರಬಹುದು.

ಇಷ್ಟೆಲ್ಲ ಸರ್ಕಸ್ ಈಗ ಬೇಡ. ಫೈಲ್ ಎಪಿಐ (ಆರಿಸಿದ ಫೈಲನ್ನು ಕೋಡ್ ಓದಲು ಬ್ರೌಸರ್ ಕೊಡುವ ಸೌಲಭ್ಯ) ಬಂದ ಮೇಲೆ ಅದೇ ಇನ್‌ಪುಟ್‌ಗೆ 'ಫೈಲ್ಸ್' ಅನ್ನುವ ಪಟ್ಟಿ ಇದೆ, ಅದರ ಮೊದಲ ಫೈಲಿನ 'ನೇಮ್' ಓದಿದರೆ ಬರೀ ಹೆಸರು ಬರುತ್ತದೆ. 2012ರಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ 10 ಕೂಡ ಇದನ್ನು ಕಲಿತುಕೊಂಡಿತು. ಪಟ್ಟಿ ಖಾಲಿ ಇದೆಯಾ ಅಂತ ಮೊದಲು ನೋಡಿಕೊಳ್ಳಿ, ಆರಿಸಲು ಹೋಗಿ ಸುಮ್ನೆ ಕ್ಯಾನ್ಸಲ್ ಒತ್ತುವವರೂ ಇರುತ್ತಾರೆ. ಒಂದಕ್ಕಿಂತ ಜಾಸ್ತಿ ಫೈಲ್ ಆರಿಸಿದರೂ ಈ ಪಟ್ಟಿಯಲ್ಲಿ ಎಲ್ಲ ಹೆಸರೂ ಇರುತ್ತವೆ, ವ್ಯಾಲ್ಯೂ ಕೇಳಿದರೆ ಮೊದಲನೆಯದೊಂದೇ, ಅದೂ ಫೇಕ್‌ಪಾತ್ ಹಚ್ಚಿಕೊಂಡು.